ಹಸಿ ಮರ ಒಣಗಿಸುವ ಬಗೆ: ಸೀಳದಂತೆ, ಡೊಂಕಾಗದಂತೆ, ಕುಟ್ಟೆ ಹಿಡಿಯದಂತೆ

ಹಸಿ ಮರದಲ್ಲಿ ಮಾಡಿದ ಬಾಗಿಲು ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದೊಂದಾಗಿ ತೊಂದರೆ ಶುರು. ಕೀಲು ಸಡಿಲವಾಗುತ್ತದೆ, ಹಲಗೆಗಳ ನಡುವೆ ಸಂದು ಬೀಳುತ್ತದೆ, ಚೌಕಟ್ಟು ತಿರುಚಿಕೊಂಡು ಚಿಲಕ ಕೂರುವುದಿಲ್ಲ. ಬಡಗಿಯ ಕೈ ಎಷ್ಟೇ ಪಳಗಿರಲಿ, ಮರ ಒಣಗಿಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ. ಒಳ್ಳೆಯ ಮರ ಬೆಳೆಯಲು ಹತ್ತಾರು ವರ್ಷ ಬೇಕು. ಅದು ಒಣಗುವಾಗ ಹಾಳಾದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅದನ್ನು ತಪ್ಪಿಸುವುದು ಕಷ್ಟವೇನಲ್ಲ.

ಒತ್ತಿ ಹೇಳಬೇಕಾದದ್ದು ಎರಡು. ಮರದ ಹೊರಭಾಗವೂ ಒಳಭಾಗವೂ ತೀರಾ ಹಿಂದೆಮುಂದೆ ಆಗದೆ ಒಣಗಬೇಕು. ಒಣಗಿದೆಯೋ ಇಲ್ಲವೋ ಎಂಬುದನ್ನು ತೂಕ ಮಾಡಿ ತಿಳಿಯಬೇಕು, ತಿಂಗಳು ಎಣಿಸಿ ಅಲ್ಲ.

ಮರದೊಳಗಿನ ನೀರು

ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಎಳೆಗಳ ಟೊಳ್ಳಿನಲ್ಲಿ ತುಂಬಿಕೊಂಡ ನೀರು ಒಂದು. ಎಳೆಗಳ ಗೋಡೆಯೇ ಹೀರಿಕೊಂಡ ನೀರು ಇನ್ನೊಂದು. ಮೊದಲು ಹೋಗುವುದು ಟೊಳ್ಳಿನ ನೀರು. ಅದು ಹೋದಾಗ ಮರ ಹಗುರವಾಗುತ್ತದೆ, ಅಳತೆ ಮಾತ್ರ ಬದಲಾಗುವುದಿಲ್ಲ. ತೇವಾಂಶ ಶೇ. 28–30ರ ಹತ್ತಿರ ಬರುವ ಹೊತ್ತಿಗೆ ಟೊಳ್ಳು ಖಾಲಿಯಾಗಿರುತ್ತದೆ. ಅಲ್ಲಿಂದ ಕೆಳಗೆ ಗೋಡೆಯ ನೀರು ಹೊರಡುತ್ತದೆ. ಮರ ಕುಗ್ಗುವುದು ಆಗ.

ಇಲ್ಲಿ ತೇವಾಂಶ ಎಂದರೆ ನೀರಿನ ತೂಕವನ್ನು ಪೂರ್ತಿ ಒಣಗಿದ ಮರದ ತೂಕಕ್ಕೆ ಹೋಲಿಸಿದ ಲೆಕ್ಕ. ಹಾಗಾಗಿ ಕೆಲವು ಹಗುರ ಮರಗಳು ಹಸಿಯಾಗಿದ್ದಾಗ ಶೇ. 100 ದಾಟುವುದೂ ಉಂಟು. ಅಂದರೆ ಮರಕ್ಕಿಂತ ನೀರೇ ಜಾಸ್ತಿ.

ಕುಗ್ಗುವುದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಉದ್ದಕ್ಕೆ ಕುಗ್ಗುವುದು ಶೇ. 0.1–0.2 ಮಾತ್ರ, ಲೆಕ್ಕಕ್ಕೇ ಬೇಡ. ತಿರುಳಿನಿಂದ (ಕಾಂಡದ ನಟ್ಟನಡುವಿನ ಸಣ್ಣ ಮೆತ್ತನೆಯ ಭಾಗ) ತೊಗಟೆಯ ಕಡೆಗೆ ಸರಾಸರಿ ಶೇ. 4. ವರ್ಷದ ಉಂಗುರದ ಗುಂಟ ಸರಾಸರಿ ಶೇ. 8. ಹಸಿ ಸ್ಥಿತಿಯಿಂದ ಪೂರ್ತಿ ಒಣಗುವವರೆಗಿನ ಲೆಕ್ಕ ಇದು, ಮರದ ಜಾತಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ. ತೇಗ ಇದಕ್ಕಿಂತ ಕಡಿಮೆ ಕುಗ್ಗುತ್ತದೆ. ಅದಕ್ಕೆ ಬಂದ ಒಳ್ಳೆಯ ಹೆಸರಿಗೆ ಇದೂ ಒಂದು ಕಾರಣ.

ಉಂಗುರದ ಗುಂಟ ಕುಗ್ಗುವುದು ಇಮ್ಮಡಿ ಆಗಿರುವುದರಿಂದಲೇ ದುಂಡು ದಿಮ್ಮಿ ಒಣಗಿದಾಗ ತಿರುಳಿನ ತನಕ ಸೀಳಿಕೊಳ್ಳುತ್ತದೆ. ಇಡೀ ದಿಮ್ಮಿಯನ್ನು ಸೀಳಿಲ್ಲದೆ ಒಣಗಿಸುತ್ತೇನೆ ಎಂದು ಹೊರಡುವುದು ಬೇಡ. 200 ಮಿ.ಮೀ. ಅಗಲದ ಹಲಗೆಯನ್ನು ಉಂಗುರದ ಗುಂಟ ಕೊಯ್ದಿದ್ದರೆ, ಹಸಿಯಿಂದ ಶೇ. 12ಕ್ಕೆ ಬರುವಷ್ಟರಲ್ಲಿ ಅದು ಸುಮಾರು 1 ಸೆಂ.ಮೀ. ಕಿರಿದಾಗಬಹುದು. ಕೊಯ್ಸುವಾಗಲೇ ಈ ಅಳತೆ ಸೇರಿಸಿಕೊಳ್ಳಿ. ದಪ್ಪದಲ್ಲೂ 3 ಮಿ.ಮೀ. ಆದರೂ ಹೆಚ್ಚಿಗೆ ಇರಲಿ, ಆಮೇಲೆ ಹತ್ತರಿ ಹೊಡೆದು ನಯ ಮಾಡಲು ಬೇಕಾಗುತ್ತದೆ.

ಮರ ಬಿದ್ದ ದಿನವೇ ಮಾಡಬೇಕಾದ್ದು

ಕಡಿದ ತುದಿಯಿಂದ ನೀರು ಹೊರಹೋಗುವ ವೇಗ ಹಲಗೆಯ ಮೈಯಿಂದ ಹೋಗುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರಬಹುದು. ನೀರು ಏರಲೆಂದೇ ಇರುವ ಕೊಳವೆಗಳು ಅಲ್ಲಿ ಬಾಯಿ ತೆರೆದಿರುತ್ತವೆ. ತುದಿ ಮೊದಲು ಒಣಗಿ ಕುಗ್ಗುತ್ತದೆ, ಪಕ್ಕದ ಭಾಗ ಇನ್ನೂ ಉಬ್ಬಿಕೊಂಡೇ ಇರುತ್ತದೆ, ನಡುವೆ ಸೀಳು ಬೀಳುತ್ತದೆ. ಆದ್ದರಿಂದ ಕಡಿದ ದಿನವೇ ಎರಡೂ ತುದಿಗಳಿಗೆ ಮೇಣ ಬಳಿಯಿರಿ. ಮೇಣದ ಎಮಲ್ಷನ್ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಕರಗಿಸಿದ ಪ್ಯಾರಾಫಿನ್, ಡಾಂಬರು, ದಪ್ಪ ಎಣ್ಣೆ ಬಣ್ಣದ ಎರಡು ಮೂರು ಕೋಟು, ಯಾವುದಾದರೂ ನಡೆಯುತ್ತದೆ. ಒಂದು ವಾರ ಬಿಟ್ಟು ಬಳಿದರೆ ಆಗಲೇ ಬಿದ್ದ ಕೂದಲೆಳೆಯ ಬಿರುಕು ಮುಚ್ಚುವುದಿಲ್ಲ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ಫಲ ಕೊಡುವ ಹೆಜ್ಜೆ ಬೇರೆ ಇಲ್ಲ.

ಆಮೇಲೆ ಬೇಗ ಕೊಯ್ಸಿ. ತೊಗಟೆಯೊಂದಿಗೆ ನೆಲದ ಮೇಲೆ ಬಿದ್ದಿರುವ ದಿಮ್ಮಿ ಒಣಗುವುದು ತೀರಾ ನಿಧಾನ. ಅಷ್ಟರಲ್ಲಿ ಹುಳು, ಬೂಸ್ಟು, ಗೆದ್ದಲು ಒಳಗೆ ಹೊಕ್ಕಿರುತ್ತವೆ. ಮಾವು, ರಬ್ಬರ್, ಪೈನ್‌ನಂಥ ಮರಗಳ ಬಿಳಿ ಭಾಗ (ತೊಗಟೆಗೆ ಹತ್ತಿರದ ತಿಳಿ ಬಣ್ಣದ ಮರ) ಕೆಲವೇ ದಿನಗಳಲ್ಲಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ಆ ನೀಲಿಯಿಂದ ಬಲ ಅಷ್ಟಾಗಿ ಕುಂದುವುದಿಲ್ಲ, ಬಣ್ಣ ಮಾತ್ರ ಹೋಗುವುದಿಲ್ಲ.

ಕೊಯ್ಸುವಾಗ ತಿರುಳು ಹಲಗೆಯ ಒಳಗೆ ಉಳಿಯದಂತೆ ಹೇಳಿ. ತಿರುಳು ಇರುವ ಹಲಗೆ ಸೀಳುವುದು ಹೆಚ್ಚುಕಡಿಮೆ ಖಚಿತ. ಉಂಗುರಗಳು ಹಲಗೆಯ ಮೈಗೆ ನೆಟ್ಟಗೆ ನಿಲ್ಲುವಂತೆ ಕೊಯ್ದ ಹಲಗೆ ಅಗಲದಲ್ಲಿ ಕಡಿಮೆ ಕುಗ್ಗುತ್ತದೆ, ಚಪ್ಪಟೆಯಾಗಿಯೇ ಉಳಿಯುತ್ತದೆ. ಆದರೆ ಹಾಗೆ ಕೊಯ್ದರೆ ಮರ ಹೆಚ್ಚು ಪೋಲಾಗುತ್ತದೆ, ಹಲಗೆಯ ಅಗಲವೂ ಕಡಿಮೆ. ಮೇಜಿನ ಮೇಲ್ಮೈ, ಬಾಗಿಲಿನ ಚೌಕಟ್ಟು ಇಂಥವಕ್ಕೆ ಆ ನಷ್ಟ ಸಹಿಸಬಹುದು. ಉಳಿದದ್ದಕ್ಕೆ ಸಾಮಾನ್ಯ ಕೊಯ್ತವೇ ಸಾಕು. ಸಾಮಾನ್ಯ ಕೊಯ್ತದ ಹಲಗೆ ಒಣಗುವಾಗ ತೊಗಟೆಯ ಕಡೆಯ ಮೈ ಒಳಗೆ ಬಾಗಿ ದೋಣಿಯಂತಾಗುತ್ತದೆ ಎಂಬುದು ನೆನಪಿರಲಿ.

ಅಟ್ಟಿ ಹಾಕುವುದು

ಗಾಳಿಯಲ್ಲಿ ಒಣಗಿಸುವುದು ಎಲ್ಲಕ್ಕಿಂತ ಹಳೆಯ ದಾರಿ. ಇವತ್ತಿಗೂ ಎಲ್ಲರ ಕೈಗೆಟುಕುವುದು ಇದೇ. ಮರವನ್ನು ನೇರವಾಗಿ ಇಡುವುದೋ ಡೊಂಕು ಮಾಡುವುದೋ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಜಾಗ ನೆರಳಾಗಿರಬೇಕು, ಗಾಳಿಯಾಡಬೇಕು, ನೀರು ನಿಲ್ಲಬಾರದು. ಸುತ್ತ ಹುಲ್ಲು, ಕಸ, ಕೊಳೆತ ಮರದ ಚೂರು ಇರಬಾರದು. ಕಲ್ಲು ಅಥವಾ ಕಾಂಕ್ರೀಟ್ ದಿಂಡುಗಳ ಮೇಲೆ ಗಟ್ಟಿ ತೊಲೆಗಳನ್ನಿಟ್ಟು, ಮೊದಲ ಹಲಗೆ ನೆಲದಿಂದ 30–45 ಸೆಂ.ಮೀ. ಎತ್ತರದಲ್ಲಿ ಇರುವಂತೆ ಪಾಯ ಮಾಡಿ. ಕೆಳಗಿನ ತಂಪು ಗಾಳಿ ಹೊರಗೆ ಹೋಗಲು ಈ ಎತ್ತರ ಬೇಕು. ಪಾಯ ಮಟ್ಟಸವಾಗಿದೆಯೇ ಎಂದು ದಾರ ಹಿಡಿದು ನೋಡಿ. ಪಾಯ ತಿರುಚಿದ್ದರೆ ಅಟ್ಟಿಯ ಪ್ರತಿ ಹಲಗೆಯೂ ಅದೇ ತಿರುಚಿನಲ್ಲಿ ಒಣಗಿ ಗಟ್ಟಿಯಾಗುತ್ತದೆ. ಆಮೇಲೆ ತಿದ್ದಲು ಆಗುವುದಿಲ್ಲ.

ಹಲಗೆಗಳ ಒಂದು ಸಾಲು ಹಾಕಿ. ಪಕ್ಕಪಕ್ಕದ ಹಲಗೆಗಳ ನಡುವೆ ಒಂದು ಬೆರಳು ಅಗಲ ಬಿಡಿ. ಅದರ ಮೇಲೆ ಅಡ್ಡಪಟ್ಟಿಗಳನ್ನು ಇಡಿ, ಅವುಗಳ ಮೇಲೆ ಮುಂದಿನ ಸಾಲು. ಈ ಅಡ್ಡಪಟ್ಟಿಗಳಿಗೆ ಕೈಗೆ ಸಿಕ್ಕ ಚೂರುಗಳನ್ನು ಬಳಸಬೇಡಿ. ಎಲ್ಲವೂ ಒಂದೇ ದಪ್ಪ, ಸುಮಾರು 20–25 ಮಿ.ಮೀ. ಇರಬೇಕು. ಮೊದಲೇ ಒಣಗಿರಬೇಕು. ಹಸಿ ಪಟ್ಟಿ ಇಟ್ಟರೆ ಅದು ಕೂತ ಕಡೆಯೆಲ್ಲ ಹಲಗೆಯ ಮೇಲೆ ಕಪ್ಪು ಗೆರೆ ಬೀಳುತ್ತದೆ, ಹತ್ತರಿ ಹೊಡೆದರೂ ಕೆಲವೊಮ್ಮೆ ಹೋಗುವುದಿಲ್ಲ.

25 ಮಿ.ಮೀ. ದಪ್ಪದ ಹಲಗೆಗೆ 45–60 ಸೆಂ.ಮೀ.ಗೆ ಒಂದರಂತೆ ಪಟ್ಟಿ ಸಾಕು. ತೆಳು ಹಲಗೆ ಅಥವಾ ತಿರುಚುವ ಸ್ವಭಾವದ ಮರವಾದರೆ 30–40 ಸೆಂ.ಮೀ.ಗೆ ಒಂದು. ತುದಿಯ ಪಟ್ಟಿ ಹಲಗೆಯ ಅಂಚಿಗೇ ಬರಲಿ. ಎಲ್ಲಕ್ಕಿಂತ ಮುಖ್ಯ, ಕೆಳಗಿನಿಂದ ಮೇಲಿನವರೆಗೆ ಪಟ್ಟಿಗಳು ಒಂದರ ಮೇಲೊಂದು ನೇರ ಗೆರೆಯಲ್ಲಿ ನಿಲ್ಲಬೇಕು. ಪಾಯದ ತೊಲೆಯೂ ಆ ಗೆರೆಯ ಕೆಳಗೇ ಇರಬೇಕು. ಒಂದು ಪಟ್ಟಿ ಅತ್ತಿತ್ತ ಸರಿದರೆ ಮೇಲಿನ ಭಾರವೆಲ್ಲ ಹಲಗೆಯ ನಡುವೆ ಬಿದ್ದು ಅಲ್ಲಿ ಬಾಗು ಬರುತ್ತದೆ.

ಬೇರೆ ಬೇರೆ ದಪ್ಪದ ಹಲಗೆಗಳನ್ನು ಒಂದೇ ಸಾಲಿನಲ್ಲಿ ಬೆರೆಸಬೇಡಿ. ಉದ್ದದ ಹಲಗೆ ಕೆಳಗೆ, ಗಿಡ್ಡದ್ದು ಮೇಲೆ. ಅಟ್ಟಿಯ ಅಗಲ 1.5 ಮೀಟರ್ ದಾಟದಿದ್ದರೆ ಒಳ್ಳೆಯದು, ಜಾಸ್ತಿ ಅಗಲವಾದರೆ ನಡುವಿನ ಹಲಗೆಗಳಿಗೆ ಗಾಳಿ ಸಿಗುವುದಿಲ್ಲ.

ಮೇಲಿನ ಎರಡು ಮೂರು ಸಾಲಿನ ಮೇಲೆ ಭಾರವೇ ಇರುವುದಿಲ್ಲ, ಅಲ್ವಾ? ಅವೇ ಹೆಚ್ಚು ಡೊಂಕಾಗುತ್ತವೆ. ಕಾಂಕ್ರೀಟ್ ದಿಂಡುಗಳನ್ನು ಪಟ್ಟಿಗಳ ಗೆರೆಯ ಮೇಲೇ ಹೇರಿ, ಅಥವಾ ಇಡೀ ಅಟ್ಟಿಯನ್ನು ಬೆಲ್ಟಿನಿಂದ ಸುತ್ತಿ ಕಟ್ಟಿ ಆಗಾಗ ಬಿಗಿ ಮಾಡುತ್ತಿರಿ. ಅದರ ಮೇಲೆ ಇಳಿಜಾರಿನ ತಗಡಿನ ಮಾಡು. ಮಾಡು ನಾಲ್ಕೂ ಕಡೆ ಒಂದಿಷ್ಟು ಹೊರಚಾಚಿರಲಿ. ಪ್ಲಾಸ್ಟಿಕ್ ಹಾಳೆಯಿಂದ ಇಡೀ ಅಟ್ಟಿಯನ್ನು ಸುತ್ತಿಬಿಡುವವರಿದ್ದಾರೆ. ಅದನ್ನು ಮಾತ್ರ ಮಾಡಬೇಡಿ. ಒಳಗಿನ ಆವಿ ಹೊರಗೆ ಹೋಗಲಾರದೆ ಒಂದೇ ವಾರದಲ್ಲಿ ಬೂಸ್ಟು ಹಿಡಿಯುತ್ತದೆ.

ವೇಗಕ್ಕೆ ಕಡಿವಾಣ

ಮೊದಲ ಕೆಲವು ವಾರಗಳೇ ಅಪಾಯದ ಕಾಲ. ಬಿಸಿಲು ಮತ್ತು ಒಣಗಾಳಿ ಸೇರಿದರೆ ಹಲಗೆಯ ಮೇಲ್ಪದರ ಬೇಗ ಒಣಗಿ ಕುಗ್ಗಲು ನೋಡುತ್ತದೆ. ಒಳಗಿನ ಹಸಿ ಭಾಗ ಬಿಡುವುದಿಲ್ಲ. ನೀರು ಬತ್ತಿದ ಕೆರೆಯ ಮಣ್ಣಿನ ಹಾಗೆ ಮೇಲ್ಮೈ ಬಿರಿಯುತ್ತದೆ. ಗಟ್ಟಿ ಮರ, ದಪ್ಪ ಹಲಗೆ ಆದಷ್ಟೂ ಈ ಅಪಾಯ ಹೆಚ್ಚು. ಅಂಥ ಹೊತ್ತಿನಲ್ಲಿ ಗಾಳಿ ಬರುವ ಕಡೆಗೆ ಗೋಣಿಚೀಲ ಅಥವಾ ನೆರಳುಬಲೆ ಇಳಿಬಿಡಿ. ಅಡ್ಡಪಟ್ಟಿಯ ದಪ್ಪವನ್ನು 12–15 ಮಿ.ಮೀ.ಗೆ ಇಳಿಸಿದರೂ ಗಾಳಿಯ ಓಟ ಕಡಿಮೆಯಾಗುತ್ತದೆ. ಮೃದುವಾದ, ಬೇಗ ಬೂಸ್ಟು ಹಿಡಿಯುವ ಮರಕ್ಕೆ ಇದರ ಉಲ್ಟಾ. ಅದಕ್ಕೆ ಮೊದಲ ದಿನಗಳಲ್ಲೇ ಧಾರಾಳ ಗಾಳಿ ಬೇಕು.

ಮೇಲ್ಮೈಯ ಸಣ್ಣ ಬಿರುಕು ಒಣಗುತ್ತಾ ಹೋದಂತೆ ಮುಚ್ಚಿಕೊಂಡ ಹಾಗೆ ಕಾಣುತ್ತದೆ. ವಾಸಿಯಾಯಿತು ಎಂದುಕೊಳ್ಳಬೇಡಿ, ಅದು ಅಲ್ಲೇ ಇರುತ್ತದೆ. ಬಣ್ಣ ಹಚ್ಚಿದ ಮೇಲೆ ಮತ್ತೆ ಬಾಯಿ ಬಿಡುತ್ತದೆ. ಇನ್ನೂ ಕೆಟ್ಟದ್ದು ಒಳಗೆ ಬೀಳುವ ಬಿರುಕು. ಮೊದಲು ಗಟ್ಟಿಯಾದ ಹೊರಪದರ ಆಮೇಲೆ ಒಳಭಾಗವನ್ನು ಕುಗ್ಗಲು ಬಿಡದಿದ್ದಾಗ ಒಳಗೇ ಹರಿದು ಜೇನುಗೂಡಿನಂತಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಕೊಯ್ದಾಗಲೇ ಗೊತ್ತಾಗುವುದು.

ಎಷ್ಟು ದಿನ? ತಕ್ಕಡಿಯನ್ನು ಕೇಳಿ

"ಒಂದು ಇಂಚು ದಪ್ಪಕ್ಕೆ ಒಂದು ವರ್ಷ" ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ತಂಪು ಹವೆಯಲ್ಲಿ ಗಟ್ಟಿ ಮರ ಒಣಗಿಸುವಾಗ ಅದು ಹೆಚ್ಚುಕಡಿಮೆ ಸರಿ. ಬೆಚ್ಚಗಿನ ಒಣ ಹವೆಯಲ್ಲಿ 25 ಮಿ.ಮೀ. ದಪ್ಪದ ಮೃದು ಮರ ಒಂದೆರಡು ತಿಂಗಳಲ್ಲೇ ತಯಾರಾಗಬಹುದು. ದಪ್ಪ ಎರಡು ಪಟ್ಟಾದರೆ ಸಮಯ ಎರಡು ಪಟ್ಟಲ್ಲ, ಮೂರು ನಾಲ್ಕು ಪಟ್ಟು ಆಗುತ್ತದೆ. ಹಾಗಾಗಿ ವರ್ಷದ ಲೆಕ್ಕವನ್ನೇ ನಂಬಿ ಕೂರುವುದು ತರವಲ್ಲ.

ತೂಕದ ದಾರಿ ಸುಲಭ. ಅಟ್ಟಿ ಹಾಕುವ ದಿನ, ಒಂದು ಹಲಗೆಯ ತುದಿಯಿಂದ ಕನಿಷ್ಠ 40–50 ಸೆಂ.ಮೀ. ಒಳಗೆ, ಎಳೆಗೆ ಅಡ್ಡವಾಗಿ 25 ಮಿ.ಮೀ. ಅಗಲದ ತುಂಡು ಕೊಯ್ದುಕೊಳ್ಳಿ. ಕೂಡಲೇ ತೂಗಿ. 182 ಗ್ರಾಂ ಬಂತು ಎನ್ನಿ. ಆ ತುಂಡನ್ನು 103 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ಸಾಮಾನ್ಯವಾಗಿ ಒಂದು ದಿನ ಹಿಡಿಯುತ್ತದೆ. ಈಗ 104 ಗ್ರಾಂ ಇದೆ. ಹೋದ ನೀರು 78 ಗ್ರಾಂ. 78ನ್ನು 104ರಿಂದ ಭಾಗಿಸಿದರೆ 0.75, ಅಂದರೆ ತೇವಾಂಶ ಶೇ. 75.

ಉಳಿದ ಹಲಗೆಯ ಹೊಸ ತುದಿಗೂ ಮೇಣ ಬಳಿದು ಅದನ್ನೂ ಅದೇ ದಿನ ತೂಗಿ. 14 ಕಿಲೋ ಇದ್ದರೆ, 14ನ್ನು 1.75ರಿಂದ ಭಾಗಿಸಿ. 8 ಕಿಲೋ ಬರುತ್ತದೆ. ನೀರೇ ಇಲ್ಲದಿದ್ದರೆ ಆ ಹಲಗೆಯ ತೂಕ ಅಷ್ಟು. ನಿಮಗೆ ಶೇ. 12 ಬೇಕಾದರೆ 8ನ್ನು 1.12ರಿಂದ ಗುಣಿಸಿ. 8.96 ಕಿಲೋ. ಈ ಅಂಕಿಯನ್ನು ಹಲಗೆಯ ಮೇಲೆ ಬರೆದು, ಸುಲಭವಾಗಿ ಹೊರಗೆಳೆಯಲು ಆಗುವಂತೆ ಅಟ್ಟಿಯ ನಡುಭಾಗದಲ್ಲಿ ಸೇರಿಸಿಡಿ. ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ತೂಗಿ ಬರೆದಿಡಿ.

ತೇವಾಂಶ ಅಳೆಯುವ ಮೀಟರೂ ಒಳ್ಳೆಯ ಉಪಕರಣವೇ. ಸೂಜಿ ಚುಚ್ಚುವ ಮೀಟರು ಶೇ. 7ರಿಂದ 25–30ರ ನಡುವೆ ಮಾತ್ರ ನಂಬಿಕೆಗೆ ಅರ್ಹ. ಅದಕ್ಕಿಂತ ಹಸಿ ಮರದಲ್ಲಿ ಅದು ತೋರಿಸುವ ಅಂಕಿಗೆ ಅರ್ಥವಿಲ್ಲ. ಮರದ ಜಾತಿಗೆ ತಕ್ಕ ತಿದ್ದುಪಡಿಯನ್ನೂ ಸೇರಿಸಬೇಕು. ಮೇಲ್ಮೈಯಲ್ಲಿ ಚುಚ್ಚಿ ನೋಡಿ ಖುಷಿಪಡಬೇಡಿ. ಬಿಡಬಹುದಾದ ಒಂದು ಹಲಗೆಯನ್ನು ನಡುವೆ ಕೊಯ್ದು, ಹೊಸ ಕೊಯ್ತದ ನಡುಭಾಗದಲ್ಲಿ ನೋಡಿ.

ಎಲ್ಲಿಗೆ ನಿಲ್ಲಿಸಬೇಕು ಎಂಬುದು ಮರ ಹೋಗಿ ಸೇರುವ ಜಾಗಕ್ಕೆ ಬಿಟ್ಟದ್ದು. ಮರ ತನ್ನ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಂಡು ನಿಲ್ಲುತ್ತದೆ. ಗಾಳಿಯ ಸಾಪೇಕ್ಷ ತೇವ ಶೇ. 65 ಇದ್ದರೆ ಮರ ಶೇ. 12ರ ಹತ್ತಿರ ಬರುತ್ತದೆ. ಗಾಳಿ ಶೇ. 30 ಇದ್ದರೆ ಮರ ಶೇ. 6, ಗಾಳಿ ಶೇ. 80 ಇದ್ದರೆ ಮರ ಶೇ. 16. ಇದರಿಂದ ಎರಡು ವಿಷಯ ತಿಳಿಯಬಹುದು. ಒಂದು, ಹೊರಗಿನ ಅಟ್ಟಿಯಲ್ಲಿ ಎಷ್ಟು ವರ್ಷ ಇಟ್ಟರೂ ಮರ ಆ ಜಾಗದ ಗಾಳಿಗಿಂತ ಕೆಳಗೆ ಇಳಿಯುವುದಿಲ್ಲ. ಎರಡು, ಹವಾನಿಯಂತ್ರಿತ ಕೋಣೆಗೆ ಹೋಗುವ ಪೀಠೋಪಕರಣಕ್ಕೆ ಶೇ. 8–10 ಬೇಕು. ಹೊರಗಿನ ಬೆಂಚಿಗೆ ಶೇ. 14–16 ಇದ್ದರೂ ನಡೆಯುತ್ತದೆ. ಶೇ. 20ರ ಕೆಳಗೆ ಬಂದ ಮರವನ್ನು ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ, ಅದನ್ನು ಮೊದಲ ಗಡಿ ಎಂದು ಇಟ್ಟುಕೊಳ್ಳಿ.

ಗೂಡಿನಲ್ಲಿ ಒಣಗಿಸುವುದು

ಬೇಗ ಬೇಕು ಅಥವಾ ಶೇ. 12ಕ್ಕಿಂತ ಕೆಳಗೆ ಇಳಿಯಬೇಕು ಎಂದಾಗ ಒಣಗಿಸುವ ಗೂಡು, ಅಂದರೆ ಬಿಸಿಗಾಳಿಯ ಮುಚ್ಚಿದ ಕೋಣೆ, ಬೇಕಾಗುತ್ತದೆ. ಅಟ್ಟಿ ಹಾಕುವ ರೀತಿ ಇಲ್ಲೂ ಅದೇ. ಬಿಸಿ, ತೇವ, ಗಾಳಿ ಮೂರೂ ನಮ್ಮ ಕೈಯಲ್ಲಿರುತ್ತವೆ, ಅಷ್ಟೇ ವ್ಯತ್ಯಾಸ. ಗಟ್ಟಿ ಮರವನ್ನು 40–45 ಡಿಗ್ರಿಯಲ್ಲಿ, ಗೂಡಿನ ಗಾಳಿಯನ್ನು ತುಂಬಾ ತೇವವಾಗಿಟ್ಟು ಶುರು ಮಾಡುತ್ತಾರೆ. ತೇವಾಂಶ ಶೇ. 30ರ ಕೆಳಗೆ ಬಂದ ಮೇಲೆ ಹಂತಹಂತವಾಗಿ 60–70 ಡಿಗ್ರಿಗೆ ಏರಿಸಿ, ಗಾಳಿಯನ್ನು ಒಣಗಿಸುತ್ತಾರೆ. ಮೃದು ಮರಕ್ಕೆ ಕೆಲವು ದಿನ, ಗಟ್ಟಿ ಮರಕ್ಕೆ ಕೆಲವು ವಾರ ಸಾಕು. ಹಸಿ ಗಟ್ಟಿ ಮರವನ್ನು ನೇರ ಗೂಡಿಗೆ ಹಾಕುವುದಕ್ಕಿಂತ, ಅಟ್ಟಿಯಲ್ಲಿ ಶೇ. 25ಕ್ಕೆ ಇಳಿಸಿ ಆಮೇಲೆ ಗೂಡಿಗೆ ಹಾಕುವುದೇ ನನಗೆ ಸರಿ ಎನಿಸುತ್ತದೆ. ಇಂಧನವೂ ಉಳಿಯುತ್ತದೆ, ಮರವೂ ಉಳಿಯುತ್ತದೆ.

ಕೊನೆಯಲ್ಲಿ ಗೂಡಿಗೆ ಸ್ವಲ್ಪ ಆವಿ ಬಿಡುವುದನ್ನು ತಪ್ಪಿಸಬೇಡಿ. ಹಲಗೆಯ ಹೊರಪದರದಲ್ಲಿ ಉಳಿದ ಬಿಗಿತ ಆಗ ಸಡಿಲವಾಗುತ್ತದೆ. ಇದನ್ನು ಪರೀಕ್ಷಿಸಲು ಹಲಗೆಯ ಅಡ್ಡ ತುಂಡು ಕೊಯ್ದು, ನಡುಭಾಗ ತೆಗೆದು ಕವೆಯ ಆಕಾರ ಮಾಡಿ. ಎರಡು ಕೊಂಬೆಗಳೂ ನೆಟ್ಟಗಿದ್ದರೆ ಸರಿ. ಒಳಮುಖವಾಗಿ ಬಾಗಿಕೊಂಡರೆ ಬಿಗಿತ ಇನ್ನೂ ಇದೆ. ಅಂಥ ಹಲಗೆಯನ್ನು ನಡುವೆ ಸೀಳಿದರೆ ಎರಡೂ ಭಾಗ ಬಾಗುತ್ತವೆ.

ಮನೆಯ ಮಟ್ಟಿಗೆ ಸೌರ ಗೂಡು ತುಂಬಾ ಒಳ್ಳೆಯದು. ಬಿಸಿಲಿಗೆ ಓರೆಯಾಗಿ ನಿಂತ ಪಾರದರ್ಶಕ ಮಾಡು, ಅದರ ಕೆಳಗೆ ಕಪ್ಪು ಬಳಿದ ತಗಡು, ಬಿಸಿಗಾಳಿಯನ್ನು ಅಟ್ಟಿಯ ಮೂಲಕ ತಳ್ಳುವ ಫ್ಯಾನು, ಹಿಂಬದಿಯ ಗೋಡೆಯಲ್ಲಿ ತೆರೆದು ಮುಚ್ಚುವ ಕಿಂಡಿಗಳು. ಗಟ್ಟಿ ಮರವಾದರೆ ಒಂದು ಘನ ಮೀಟರ್‌ಗೆ ಸುಮಾರು 4 ಚದರ ಮೀಟರ್ ಮಾಡು ಎಂಬ ಲೆಕ್ಕ ಹಿಡಿಯಿರಿ. ಮಾಡು ಇದಕ್ಕಿಂತ ದೊಡ್ಡದಾದರೆ ಶಾಖ ಜಾಸ್ತಿಯಾಗಿ ಮರ ಬಿರಿಯುತ್ತದೆ. ಫ್ಯಾನು ಹಗಲು ಮಾತ್ರ ಓಡಲಿ. ರಾತ್ರಿ ಗೂಡು ತಣ್ಣಗಾಗಿ ಒಳಗಿನ ತೇವ ಏರುತ್ತದೆ, ಮರದ ಬಿಗಿತ ತಾನಾಗಿಯೇ ಸಡಿಲಗೊಳ್ಳುತ್ತದೆ. ಆವಿಯ ಯಂತ್ರವಿಲ್ಲದೆ ದಿನಾ ಸಿಗುವ ಈ ಅನುಕೂಲವೇ ಸೌರ ಗೂಡಿನ ದೊಡ್ಡ ಗುಣ. ಕಿಂಡಿಗಳನ್ನು ಮೊದಲ ದಿನಗಳಲ್ಲಿ ಬರೀ ಒಂದು ಸೀಳಿನಷ್ಟು ತೆರೆದು, ಮರ ಒಣಗಿದಂತೆ ನಿಮ್ಮ ತೂಕದ ಹಲಗೆ ನೋಡಿಕೊಂಡು ಹೊಂದಿಸಿ.

ನೀರಿನಲ್ಲಿ ಮುಳುಗಿಸುವುದು, ಮತ್ತು ಕುಟ್ಟೆ

ದಿಮ್ಮಿಯನ್ನು ಹರಿಯುವ ನೀರಿನಲ್ಲಿ ಕೆಲವು ವಾರ ಪೂರ್ತಿ ಮುಳುಗಿಸಿ ಇಡುವ ಪದ್ಧತಿ ಹಳೆಯದು. ಇದರಿಂದ ಮರ ಒಣಗುವುದಿಲ್ಲ, ಮರದ ರಸ ಮತ್ತು ಪಿಷ್ಟ ಸ್ವಲ್ಪ ಸ್ವಲ್ಪ ಕರಗಿ ಹೋಗುತ್ತವೆ. ಮುಳುಗಿರುವ ತನಕ ದಿಮ್ಮಿ ಸೀಳುವುದೂ ಇಲ್ಲ. ತೆಗೆದ ಮೇಲೆ ಕೊಯ್ದು, ಅಟ್ಟಿ ಹಾಕಿ ಒಣಗಿಸಲೇಬೇಕು. ಅರ್ಧ ಮುಳುಗಿ ಅರ್ಧ ತೇಲುವಂತೆ ಬಿಟ್ಟರೆ ನೀರಿನ ಗೆರೆಯಲ್ಲೇ ಮರ ಕೆಡುತ್ತದೆ. ಬಿದಿರಿಗೆ ಇದು ಹೆಚ್ಚು ಉಪಯೋಗ.

ಕುಟ್ಟೆ ಹುಳುವಿನ ಆಹಾರವೇ ಆ ಪಿಷ್ಟ. ಹಾಗಾಗಿ ಅದು ಅಗಲ ಎಲೆಯ ಮರಗಳ ಬಿಳಿ ಭಾಗಕ್ಕೆ ಬೀಳುತ್ತದೆ, ಚೇಗನ್ನು (ಒಳಗಿನ ಗಾಢ ಬಣ್ಣದ ಗಟ್ಟಿ ಮರ) ಮುಟ್ಟುವುದಿಲ್ಲ. ಚೆನ್ನಾಗಿ ಒಣಗಿದ ಮರಕ್ಕೆ ಹುಳು ಬರುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ಕುಟ್ಟೆ ಒಣ ಮರಕ್ಕೇ ಬರುವುದು. ಬಿಳಿ ಭಾಗ ಬಿಡಲು ಆಗದಿದ್ದರೆ, ಕೊಯ್ದ ಕೂಡಲೇ ಹಸಿ ಹಲಗೆಯನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ, ಕೆಲವು ವಾರ ಮುಚ್ಚಿಟ್ಟು, ಆಮೇಲೆ ಅಟ್ಟಿ ಹಾಕಿ. ಹಸಿ ಮರದಲ್ಲಿ ಬೋರಾನ್ ಒಳಗೆ ಇಳಿಯುತ್ತದೆ, ಒಣ ಮರದಲ್ಲಿ ಮೇಲೆಯೇ ಉಳಿಯುತ್ತದೆ. ಮಳೆಗೆ ಒಡ್ಡುವ ಕೆಲಸಕ್ಕೆ ಇದು ಆಗದು, ತೊಳೆದುಹೋಗುತ್ತದೆ. ಆಗಲೇ ಹುಳು ಹೊಕ್ಕಿದ್ದರೆ ಗೂಡಿನ ಶಾಖ ಕೊಲ್ಲುತ್ತದೆ. ಹಲಗೆಯ ನಡುಭಾಗ 56 ಡಿಗ್ರಿಯಲ್ಲಿ 30 ನಿಮಿಷ ಇರಬೇಕು ಎಂಬುದು ಮರದ ಪ್ಯಾಕಿಂಗ್ ಪೆಟ್ಟಿಗೆಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮ. ಆದರೆ ಶಾಖ ಮುಂದೆ ಬರುವ ಹುಳುವನ್ನು ತಡೆಯುವುದಿಲ್ಲ.

ಸಣ್ಣ ತುಂಡುಗಳು

ಕಡೆತದ (ತಿರುಗುವ ಯಂತ್ರದಲ್ಲಿ ಕೆತ್ತುವ) ಬಟ್ಟಲಿಗೆ ಮರ ಬೇಕಾದರೆ ಹಸಿಯಾಗಿರುವಾಗಲೇ ಒರಟಾಗಿ ಕಡೆದು, ಗೋಡೆಯ ದಪ್ಪವನ್ನು ಬಟ್ಟಲಿನ ವ್ಯಾಸದ ಹತ್ತರಲ್ಲಿ ಒಂದು ಭಾಗದಷ್ಟು ಬಿಡಿ. ಎಳೆ ಕಡಿದ ಅಂಚುಗಳಿಗೆ ಮೇಣ ಬಳಿದು ಕಾಗದದ ಚೀಲದಲ್ಲಿ ಇಡಿ. ಕೆಲವು ತಿಂಗಳಲ್ಲಿ ಅದು ಮೊಟ್ಟೆಯಾಕಾರಕ್ಕೆ ತಿರುಗಿ ನಿಲ್ಲುತ್ತದೆ. ಆಗ ಮತ್ತೆ ಕಡೆದು ದುಂಡಗೆ ಮಾಡಿ. ಉಪಕರಣದ ಹಿಡಿಗೆ ದಿಮ್ಮಿಯನ್ನು ಗರಗಸದಿಂದ ಕೊಯ್ಯುವ ಬದಲು ಎಳೆಯ ಗುಂಟ ಸೀಳಿ ಒಣಗಿಸಿದರೆ ನೇರವಾಗಿಯೂ ಗಟ್ಟಿಯಾಗಿಯೂ ಇರುತ್ತದೆ.

ಒಣಗಿದ ಮೇಲೆ

ಅಟ್ಟಿಯಿಂದ ತೆಗೆದ ಹಲಗೆಯನ್ನು ಸೀದಾ ಕೆಲಸಕ್ಕೆ ಹಚ್ಚಬೇಡಿ. ಬಳಸುವ ಕೋಣೆಯಲ್ಲಿ, ಅಥವಾ ಅಂಥದ್ದೇ ಹವೆಯಲ್ಲಿ, ಪಟ್ಟಿ ಹಾಕಿ ಎರಡು ನಾಲ್ಕು ವಾರ ಇಡಿ. ತೂಕ ಬದಲಾಗುವುದು ನಿಂತ ಮೇಲೆ ಕೊಯ್ಯಿರಿ. ಹತ್ತರಿ ಹೊಡೆಯುವಾಗ ಎರಡೂ ಮೈಯಿಂದ ಸಮನಾಗಿ ತೆಗೆಯಿರಿ. ಒಂದೇ ಕಡೆಯಿಂದ ತೆಗೆದರೆ ಮರುದಿನ ಹಲಗೆ ಬಾಗಿರುತ್ತದೆ. ಗೂಡಿನಿಂದ ಬಂದ ಹಲಗೆಯನ್ನು ತೇವದ ಜಾಗದಲ್ಲಿ ಬಿಟ್ಟರೆ ಅದು ಮತ್ತೆ ನೀರು ಹೀರುತ್ತದೆ, ಪಟ್ಟ ಶ್ರಮವೆಲ್ಲ ವ್ಯರ್ಥ.

ಒಣಗಿದ ಮರವೂ ಋತು ಬದಲಾದಂತೆ ಒಂದಿಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೆ ಜಾಗ ಬಿಟ್ಟೇ ಕೆಲಸ ಮಾಡಬೇಕು. ಬಾಗಿಲಿನ ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಅಂಟು ಹಾಕದೆ ಸಡಿಲವಾಗಿ ಕೂರಿಸಿ. ಮೇಜಿನ ಮೇಲ್ಹಲಗೆಗೆ ಹಾಕುವ ಸ್ಕ್ರೂಗೆ ಉದ್ದನೆಯ ತೂತು ಮಾಡಿ. ಪಾಲಿಶ್ ಅಥವಾ ಬಣ್ಣವನ್ನು ಕಾಣುವ ಮೈಗೆ ಮಾತ್ರವಲ್ಲ, ಕೆಳಮೈಗೂ ಅಂಚಿಗೂ ಅಷ್ಟೇ ಕೋಟು ಹಚ್ಚಿ. ತುದಿಗಳಿಗೆ ಒಂದು ಕೋಟು ಜಾಸ್ತಿ ಇರಲಿ.